ಕೋವಿ ತಾನಾಗಿ ಹಾರುವುದೇ? ಕೆಲವು ತಪ್ಪು ತಿಳಿವಳಿಕೆಗಳು ಮತ್ತು ಸದಸ್ಯರ ಹೊಣೆ



ನಮ್ಮ ಕೊಡಗು ಜಿಲ್ಲೆಯಲ್ಲಿ ಕೋವಿಯು ಅಪರೂಪದ ವಸ್ತುವಲ್ಲ. ಕೈಲ್ ಮುಹೂರ್ತದಂದು ಅದರ ನಳಿಗೆಗೆ ತೋಕ್ ಪೂ ಮುಡಿಸಿ ಪೂಜಿಸಲಾಗುತ್ತದೆ. ಪುತ್ತರಿಯ ಇರುಳು ಕದಿರು ಕೊಯ್ಯುವ ಗಳಿಗೆಯನ್ನು ಗುಂಡಿನ ಸದ್ದು ಊರಿಗೆ ಸಾರುತ್ತದೆ. ಸಾವಿನ ಸುದ್ದಿಯನ್ನು ಗುಂಡು ಹಾರಿಸಿ ತಿಳಿಸುವ ರೂಢಿಯೂ ಇದೆ. ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ 1959ರ ಆಯುಧ ಅಧಿನಿಯಮದ ಪರವಾನಗಿಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಉಳಿದವರಲ್ಲಿಯೂ ಅನೇಕರು ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದು ಕೋವಿ ಇರಿಸಿಕೊಂಡಿದ್ದಾರೆ. ಆದುದರಿಂದ ಕೋವಿಯ ವಿಚಾರವು ಪೊಲೀಸ್ ಠಾಣೆಗೆ ಮಾತ್ರ ಸೇರಿದ್ದೆಂದು ನಾವು ಸುಮ್ಮನಿರಲಾಗದು. ಅವಘಡ ನಡೆದಾಗ ಮೊದಲು ಕರೆ ಬರುವುದು ಬಹುಪಾಲು ವಾರ್ಡಿನ ಸದಸ್ಯರಿಗೇ.

ಈ ಲೇಖನವನ್ನು ಬರೆಯಲು ನನ್ನದೇ ಒಂದು ತಪ್ಪು ಕಾರಣ. ಹಿಂದೆ ನಾನು ಕರ್ತವ್ಯ ನಿರ್ವಹಿಸುತ್ತಿದ್ದ ಪಂಚಾಯಿತಿಯೊಂದರಲ್ಲಿ, ಕಾಫಿ ಕಣದ ಮೂಲೆಯಲ್ಲಿ ಒರಗಿಸಿದ್ದ ಹಳೆಯ ಕೋವಿಯಿಂದ ಗುಂಡು ಹಾರಿ ಲೈನ್ ಮನೆಯ ಯುವ ಕಾರ್ಮಿಕನೊಬ್ಬನು ಆಸ್ಪತ್ರೆ ತಲುಪುವ ಮೊದಲೇ ಮೃತಪಟ್ಟನು. ಕುಟುಂಬಕ್ಕೆ ನೆರವು ಕೋರಿ ಮೇಲಧಿಕಾರಿಗಳಿಗೆ ಬರೆದ ಪತ್ರದಲ್ಲಿ ನಾನು, ಅಲ್ಲಿದ್ದವರು ಹೇಳಿದಂತೆಯೇ, “ಕೋವಿಯು ತಾನಾಗಿ ಹಾರಿದ್ದರಿಂದ” ಎಂದು ನಮೂದಿಸಿದೆನು. ಪತ್ರದ ಪ್ರತಿಯನ್ನು ಓದಿಸಿಕೊಂಡ ಮೃತನ ತಾಯಿ ಒಂದೇ ಪ್ರಶ್ನೆ ಕೇಳಿದರು: “ತಾನಾಗಿ ಹಾರುವುದಾದರೆ ನಾಳೆ ಇನ್ನೊಬ್ಬರ ಮನೆಯಲ್ಲಿಯೂ ಹಾರುತ್ತದೆ ಅಲ್ಲವೇ ಸ್ವಾಮಿ?” ಯಂತ್ರಶಾಸ್ತ್ರ ಓದಿದ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಯಂತ್ರವು ಕಾರಣವಿಲ್ಲದೆ ಚಲಿಸದು ಎಂಬುದು ನನಗೆ ತಿಳಿದಿತ್ತು, ಆದರೂ ಬರೆದಿದ್ದೆನು.

“ತಾನಾಗಿ” ಎಂಬ ಪದದ ಅಪಾಯವು ಇಲ್ಲಿದೆ. ಆ ಪದವನ್ನು ಬರೆದ ಕೂಡಲೇ ತಿದ್ದಿಕೊಳ್ಳಲು ಏನೂ ಉಳಿಯುವುದಿಲ್ಲ. ಸಿಡಿಲಿನಂತೆ ಬಂದಿತು, ಹೋಯಿತು ಎಂದಾಗುತ್ತದೆ. ವಾಸ್ತವದಲ್ಲಿ ಪ್ರತಿಯೊಂದು “ತಾನಾಗಿ”ಯ ಹಿಂದೆಯೂ ಒಂದು ಕೈ ಮೊದಲೇ ಮಾಡಿಟ್ಟ ಸಿದ್ಧತೆ ಇರುತ್ತದೆ.

ಗುಂಡು ಹಾರಲು ಏನೇನು ಬೇಕು?

ಕೋವಿಯ ಒಳಗಿನ ವ್ಯವಸ್ಥೆಯು ಸರಳವಾದುದು. ಗಟ್ಟಿಯಾದ ಸ್ಪ್ರಿಂಗ್ ಒಂದರ ಬಲದಿಂದ ಬಡಿಯುವ ಭಾಗಕ್ಕೆ ನಮ್ಮಲ್ಲಿ ಕುದುರೆ ಎನ್ನುತ್ತೇವೆ. ಕುದುರೆಯನ್ನು ಹಿಂದಕ್ಕೆ ಎಳೆದಾಗ ಸ್ಪ್ರಿಂಗ್ ಬಿಗಿಯಾಗಿ, ಕುದುರೆಯು ಒಂದು ಸಣ್ಣ ಉಕ್ಕಿನ ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಟ್ರಿಗರ್ ಎಳೆದರೆ ಆ ಕೊಕ್ಕೆ ಜಾರುತ್ತದೆ. ಆಗ ಕುದುರೆಯು ಮುಂದಕ್ಕೆ ಬಡಿದು, ಮೊಳೆಯಂಥ ಸೂಜಿಯ ಮೂಲಕ ತೋಟೆಯ ಹಿಂಬದಿಯ ಕೇಪನ್ನು ಜಜ್ಜುತ್ತದೆ. ಕೇಪಿನ ಕಿಡಿ ಮದ್ದಿಗೆ ತಾಗಿ ಗುಂಡು ಹೊರಡುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಗಳಲ್ಲಿ ಕುದುರೆಯು ನೇರವಾಗಿ ಕೇಪಿನ ಮೇಲೆಯೇ ಬಡಿಯುತ್ತದೆ.

ಆದುದರಿಂದ ಮನುಷ್ಯನಿಗೆ ಗಾಯವಾಗಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಸೇರಿರಬೇಕು. ಒಂದು, ಕೋವಿಯಲ್ಲಿ ಈಡು ತುಂಬಿರಬೇಕು. ಎರಡು, ಕೇಪಿಗೆ ಪೆಟ್ಟು ಅಥವಾ ಬೆಂಕಿ ತಲುಪಬೇಕು. ಮೂರು, ನಳಿಗೆಯ ಬಾಯಿ ಆ ಮನುಷ್ಯನ ಕಡೆಗೆ ಇರಬೇಕು. ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಯಾವಾಗಲೂ ಮನುಷ್ಯನ ಕೈಯಲ್ಲಿಯೇ ಇರುವಂಥವು. ಎರಡನೆಯದು ಮಾತ್ರ ಕೆಲವೊಮ್ಮೆ ಅನಿರೀಕ್ಷಿತವಾಗಿ ಒದಗಬಹುದು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು, ಊರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

1. “ಒರಗಿಸಿಟ್ಟ ಕೋವಿ ಯಾರೂ ಮುಟ್ಟದೆ ಹಾರಿತು”

ಅಲುಗಾಡದೆ ನಿಂತಿರುವ ಕೋವಿಯ ಕೇಪಿಗೆ ಪೆಟ್ಟು ಎಲ್ಲಿಂದಲೂ ಬರುವುದಿಲ್ಲ. ಒರಗಿಸಿದ ಕೋವಿ ಹಾರಿತೆಂದರೆ ಅದು ಜಾರಿತು, ಬಿದ್ದಿತು, ನಾಯಿ ತಾಗಿತು, ಮಗು ಎಳೆಯಿತು ಅಥವಾ ಚೀಲದ ದಾರ ಸಿಕ್ಕಿಕೊಂಡಿತು ಎಂದೇ ಅರ್ಥ.

ಬೀಳುವ ಕೋವಿಯ ಬಲವನ್ನು ಒಮ್ಮೆ ಲೆಕ್ಕ ಹಾಕಬಹುದು. 3 ಕಿಲೋ ತೂಕದ ಕೋವಿಯು 1 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಾಗ ಅದರಲ್ಲಿರುವ ಶಕ್ತಿ ಸುಮಾರು 29 ಜೌಲ್. ಕೇಪು ಹೊತ್ತಿಕೊಳ್ಳಲು ಬೇಕಾದ ಪೆಟ್ಟಿನ ಶಕ್ತಿಯಾದರೋ 1 ಜೌಲ್‌ಗಿಂತಲೂ ಕಡಿಮೆ. ಬಿದ್ದ ಪೆಟ್ಟಿನ ಸಣ್ಣ ಪಾಲು ಕುದುರೆಯ ಮೂಲಕ ಕೇಪಿಗೆ ತಲುಪಿದರೂ ಸಾಕು. ಬಿದ್ದ ಕೋವಿಯೆಲ್ಲ ಹಾರುತ್ತದೆ ಎಂದಲ್ಲ. ಪೆಟ್ಟು ಕುಂದಿಗೆ ಬಿದ್ದರೆ ಏನೂ ಆಗದಿರಬಹುದು, ಕುದುರೆಯ ಬೆನ್ನಿಗೆ ಬಿದ್ದರೆ ಆಗಬಹುದು. ಕಾಫಿ ಕಣದಲ್ಲಿ ನಡೆದದ್ದೂ ಇದೇ ಎಂದು ಅನಂತರ ತಿಳಿದುಬಂದಿತು. ಹಿಂದಿನ ರಾತ್ರಿ ಹಂದಿ ಕಾಯಲೆಂದು ತುಂಬಿಸಿದ್ದ ಈಡನ್ನು ತೆಗೆಯದೆ ಕೋವಿಯನ್ನು ಮೂಲೆಗೆ ಇಡಲಾಗಿತ್ತು. ಬೆಳಿಗ್ಗೆ ಚೀಲ ಸರಿಸುವಾಗ ಅದು ಜಾರಿ, ಕುದುರೆಯ ಬೆನ್ನು ಕಲ್ಲಿನ ಮೆಟ್ಟಿಲಿಗೆ ಬಡಿದಿತ್ತು. ಬೀಳುವುದು ಆಕಸ್ಮಿಕವಾಗಿರಬಹುದು. ಈಡು ತುಂಬಿದ ಕೋವಿಯನ್ನು ಜನ ಓಡಾಡುವ ಕಣದಲ್ಲಿ ಇಟ್ಟದ್ದು ಆಕಸ್ಮಿಕವಲ್ಲ.

2. “ನಾನು ಟ್ರಿಗರ್ ಮುಟ್ಟಲೇ ಇಲ್ಲ”

ಹೀಗೆ ಹೇಳುವವರೆಲ್ಲ ಸುಳ್ಳು ಹೇಳುತ್ತಾರೆಂದು ಭಾವಿಸಬಾರದು. ಬಹಳಷ್ಟು ಮಂದಿ ಮನಸಾರೆ ನಂಬಿಯೇ ಹೇಳುತ್ತಾರೆ. ಮನುಷ್ಯನ ಕೈಯು ಅವನ ಅರಿವಿಗೆ ಬಾರದೆ ಬಿಗಿಯಾಗುವ ಸಂದರ್ಭಗಳಿವೆ. ಅಮೆರಿಕೆಯ ಸಂಶೋಧಕ ರೋಜರ್ ಎನೋಕಾ ಅವರು ಈ ವಿಷಯವನ್ನೇ ಅಧ್ಯಯನ ಮಾಡಿ ಮೂರು ಸಂದರ್ಭಗಳನ್ನು ಗುರುತಿಸಿದ್ದಾರೆ: ಕಾಲು ಜಾರಿ ಸಮತೋಲನ ತಪ್ಪಿದಾಗ, ಹಠಾತ್ ಸದ್ದಿಗೆ ಬೆಚ್ಚಿದಾಗ, ಮತ್ತು ಒಂದು ಕೈಯಿಂದ ಬಲವಾಗಿ ಏನನ್ನಾದರೂ ಹಿಡಿದಾಗ ಇನ್ನೊಂದು ಕೈಯೂ ತಾನಾಗಿ ಬಿಗಿಯುವಾಗ. ಮಳೆಗಾಲದ ತೋಟದ ಇಳಿಜಾರನ್ನು ನೆನಪಿಸಿಕೊಳ್ಳಿ. ಜಾರಿದವನು ಎಡಗೈಯಿಂದ ಕಾಫಿ ಗಿಡದ ರೆಂಬೆಯನ್ನು ಹಿಡಿಯುತ್ತಾನೆ. ಬಲಗೈಯ ಬೆರಳು ಟ್ರಿಗರಿನ ಮೇಲಿದ್ದರೆ ಅದೂ ಅದೇ ಕ್ಷಣದಲ್ಲಿ ಮಡಚಿಕೊಳ್ಳುತ್ತದೆ. ಅವನಿಗೆ ನೆನಪಿರುವುದು ರೆಂಬೆ ಮಾತ್ರ.

ಸಾಧಾರಣ ಕೋವಿಯ ಟ್ರಿಗರ್ ಎಳೆಯಲು 2ರಿಂದ 3 ಕಿಲೋ ತೂಕದಷ್ಟು ಬಲ ಬೇಕು. ಬಿಗಿಯುವ ಕೈಗೆ ಇದು ಏನೂ ಅಲ್ಲ. ಕೊಕ್ಕೆ ಸವೆದ ಹಳೆಯ ಕೋವಿಗಳಲ್ಲಿ ಬೇಕಾಗುವ ಬಲವು ಇದಕ್ಕಿಂತ ಬಹಳ ಕಡಿಮೆ. ಗಿಡದ ರೆಂಬೆ, ಅಂಗಿಯ ಗುಂಡಿ, ಕಂಬಳಿಯ ಅಂಚು, ಜೀಪಿನ ಹಿಂಬದಿಯ ಹಗ್ಗ, ಇವುಗಳೂ ಟ್ರಿಗರನ್ನು ಎಳೆಯಬಲ್ಲವು. ಮಗುವಿನ ಒಂದು ಬೆರಳಿಗೆ ಬಲ ಸಾಲದಿದ್ದರೆ ಅದು ಎರಡು ಹೆಬ್ಬೆರಳುಗಳನ್ನು ಸೇರಿಸಿ ಒತ್ತುತ್ತದೆ. ಹಾಗೆ ಒತ್ತುವಾಗ ನಳಿಗೆಯ ಬಾಯಿ ಅದರ ಮುಖಕ್ಕೇ ತಿರುಗಿರುತ್ತದೆ.

ಇದರಿಂದ ಸಿಗುವ ನಿಯಮ ಚಿಕ್ಕದು: ಗುರಿ ನಿಶ್ಚಯವಾಗುವ ತನಕ ಬೆರಳು ಟ್ರಿಗರಿನ ಹೊರಗೆ, ಕೋವಿಯ ಪಕ್ಕಕ್ಕೆ ನೇರವಾಗಿ ಚಾಚಿರಬೇಕು. ಬೇಲಿ, ತೋಡು ಅಥವಾ ಗೇಟು ದಾಟುವ ಮೊದಲು ಈಡನ್ನು ತೆಗೆಯಬೇಕು.

3. “ಕುದುರೆ ಇಳಿಸಿದೆ, ಸೇಫ್ಟಿ ಹಾಕಿದೆ, ಇನ್ನು ಭಯವಿಲ್ಲ”

ಇದು ಎಲ್ಲಕ್ಕಿಂತ ಅಪಾಯಕರವಾದ ನಂಬಿಕೆ, ಏಕೆಂದರೆ ಎಚ್ಚರಿಕೆಯುಳ್ಳವರೇ ಇದನ್ನು ನಂಬುತ್ತಾರೆ.

ಹಲವು ಹಳೆಯ ಕೋವಿಗಳಲ್ಲಿ ಇಳಿಸಿದ ಕುದುರೆಯು ಸೂಜಿಯ ಮೇಲೆ ಅಥವಾ ನೇರ ಕೇಪಿನ ಮೇಲೆಯೇ ಕುಳಿತಿರುತ್ತದೆ. ಆಗ ಕುದುರೆಯ ಬೆನ್ನಿಗೆ ಬಿದ್ದ ಪೆಟ್ಟು ನೇರ ಕೇಪಿಗೆ ತಲುಪುತ್ತದೆ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವ ಕಚ್ಚು ಇರುವ ಕೋವಿಗಳಲ್ಲಿಯೂ ಆ ಕಚ್ಚು ಸವೆದಿದ್ದರೆ ಭರವಸೆಯಿಲ್ಲ. ಎಳೆದ ಕುದುರೆಯನ್ನು ಹೆಬ್ಬೆರಳಿನಿಂದ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸುವ ಅಭ್ಯಾಸವಂತೂ ಇನ್ನೂ ಅಪಾಯಕರ. ಬೆವರಿನ ಅಥವಾ ಮಳೆಯ ಕೈಯಲ್ಲಿ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ. ಮೊದಲು ಈಡು ತೆಗೆದು, ಬಳಿಕ ಕುದುರೆ ಇಳಿಸುವುದು ಸರಿಯಾದ ಕ್ರಮ. ಕೇಪಿನ ಕೋವಿಯಾದರೆ ನಳಿಗೆಯನ್ನು ನಿರ್ಜನ ದಿಕ್ಕಿಗೆ ಹಿಡಿದು ಮೊದಲು ಕೇಪನ್ನು ತೆಗೆಯಬೇಕು.

ಈ ದೋಷವು ಊರಿನ ಕೋವಿಗಳಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕೆಯ ಹಳೆಯ ರಿವಾಲ್ವರುಗಳಲ್ಲಿಯೂ ಕುದುರೆಯು ತೋಟೆಯ ಮೇಲೆಯೇ ಕುಳಿತಿರುತ್ತಿದ್ದುದರಿಂದ, ಆರು ಗುಂಡಿನ ರಿವಾಲ್ವರಿನಲ್ಲಿ ಐದನ್ನೇ ತುಂಬಿ, ಕುದುರೆಯ ಕೆಳಗಿನ ಕೋಣೆಯನ್ನು ಖಾಲಿ ಬಿಡುವ ಪದ್ಧತಿ ಬೆಳೆಯಿತು. ಟ್ರಿಗರ್ ಎಳೆದ ಹೊರತು ಪೆಟ್ಟು ಸೂಜಿಗೆ ತಲುಪದಂತೆ ನಡುವೆ ಪಟ್ಟಿ ಅಳವಡಿಸಿದ ರಿವಾಲ್ವರುಗಳನ್ನು ರೂಗರ್ ಕಂಪನಿಯು 1973ರಲ್ಲಿ ತಂದಿತು.

ಇನ್ನು ಸೇಫ್ಟಿ. ಬಾಗಿಸಿ ತೋಟೆ ತುಂಬುವ ಅನೇಕ ಕೋವಿಗಳಲ್ಲಿ ಸೇಫ್ಟಿ ಗುಂಡಿಯು ಟ್ರಿಗರನ್ನು ಮಾತ್ರ ಬಂಧಿಸುತ್ತದೆ; ಒಳಗಿನ ಕುದುರೆಯನ್ನು ಬಂಧಿಸುವುದಿಲ್ಲ. ಬಲವಾಗಿ ಬಿದ್ದರೆ ಒಳಗಿನ ಕೊಕ್ಕೆಯು ಕದಲಿ ಕುದುರೆ ಬಿಡುಗಡೆಯಾಗುವ ಸಾಧ್ಯತೆ ಉಳಿದೇ ಇರುತ್ತದೆ. ಸೇಫ್ಟಿ ಎಂಬುದು ವಾಹನದ ಹ್ಯಾಂಡ್ ಬ್ರೇಕಿನಂತೆ. ಇಳಿಜಾರಿನಲ್ಲಿ ನಿಲ್ಲಿಸಿದ ವಾಹನದ ಚಕ್ರಕ್ಕೆ ನಾವು ಕಲ್ಲನ್ನೂ ಇಡುತ್ತೇವೆ.

4. “ಕೋವಿ ಖಾಲಿಯಾಗಿತ್ತು”

ಖಾಲಿ ಕೋವಿಯಿಂದ ಯಾರೂ ಸತ್ತಿಲ್ಲ. ಖಾಲಿಯೆಂದು ನಂಬಿದ ಕೋವಿಯಿಂದ ಸತ್ತಿದ್ದಾರೆ. ಜೋಡು ನಳಿಗೆಯ ಕೋವಿಯಲ್ಲಿ ಒಂದು ಈಡು ಹಾರಿಸಿದವರು ಎರಡನೆಯದನ್ನು ಮರೆಯುತ್ತಾರೆ. ಮ್ಯಾಗಜೀನ್ ಇರುವ ಪಿಸ್ತೂಲು, ರೈಫಲುಗಳಲ್ಲಿ ಮ್ಯಾಗಜೀನನ್ನು ಹೊರತೆಗೆದರೂ ನಳಿಗೆಯ ಬುಡದಲ್ಲಿ ಒಂದು ತೋಟೆ ಉಳಿದಿರಬಹುದು. ಕೇಪಿನ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವುದೇ ಇಲ್ಲ. ಹಿಂದಿನ ವರ್ಷ ತುಂಬಿ ಮರೆತ ಮದ್ದು ಈ ವರ್ಷವೂ ಹೊತ್ತಿಕೊಳ್ಳಬಲ್ಲದು.

ಹಿರಿಯರು ಇದಕ್ಕೆ ಒಳ್ಳೆಯ ಉಪಾಯ ಮಾಡಿದ್ದರು. ಖಾಲಿ ನಳಿಗೆಗೆ ಗಜವನ್ನು ಬುಡದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಗೀಟು ಹಾಕಿಡುತ್ತಿದ್ದರು. ಮುಂದೆ ಗಜವನ್ನು ಇಳಿಸಿದಾಗ ಗೀಟು ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡು ಇದೆ ಎಂದರ್ಥ. ಪರೀಕ್ಷಿಸುವಾಗ ಕೇಪು ತೆಗೆದಿರಬೇಕು, ಮುಖವೂ ಕೈಯೂ ನಳಿಗೆಯ ನೇರಕ್ಕೆ ಇರಬಾರದು. ತೋಟೆಯ ಕೋವಿಯಾದರೆ ಬಾಗಿಸಿ, ಎರಡೂ ನಳಿಗೆಗಳನ್ನು ಕಣ್ಣಿನಿಂದ ನೋಡಬೇಕು. “ಖಾಲಿಯಿದೆ” ಎಂದು ಮನೆಯವರು ಹೇಳಿದರೂ ಕೈಗೆ ಪಡೆದವರು ತಾವೇ ಮತ್ತೊಮ್ಮೆ ನೋಡಬೇಕು. ಇದು ಅಪನಂಬಿಕೆಯಲ್ಲ, ಶಿಸ್ತು.

ಕೈಲ್ ಮುಹೂರ್ತದ ಪೂಜೆಗಾಗಿ ಕೋವಿಗಳನ್ನು ಇಳಿಸಿ ಒರೆಸುವಾಗ, ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಲು ಒಯ್ಯುವಾಗ ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ವರ್ಷವಿಡೀ ಮುಟ್ಟದಿದ್ದ ಕೋವಿಯು ಹಲವರ ಕೈಗೆ ಬರುವುದು ಆ ದಿನಗಳಲ್ಲಿಯೇ.

5. “ಈಡು ಹಾರಲಿಲ್ಲ, ಕೆಟ್ಟುಹೋಗಿದೆ”

ಟ್ರಿಗರ್ ಎಳೆದು, ಕುದುರೆ ಬಡಿದು, ಸದ್ದು ಬಾರದಿದ್ದರೆ ಮನುಷ್ಯನ ಸಹಜ ನಡೆಯು ನಳಿಗೆಯನ್ನು ತಿರುಗಿಸಿ ನೋಡುವುದು. ಹಾಗೆ ಮಾಡಲೇಬಾರದು. ತೇವ ಹಿಡಿದ ಮದ್ದು ಅಥವಾ ದುರ್ಬಲ ಕೇಪು ತಡವಾಗಿ ಹೊತ್ತಿಕೊಳ್ಳಬಹುದು. ನಮ್ಮ ಮಳೆಗಾಲದಲ್ಲಿ ಇದು ಅಸಂಭವವೇನಲ್ಲ. ನಳಿಗೆಯನ್ನು ನಿರ್ಜನ ದಿಕ್ಕಿಗೆ ಹಿಡಿದೇ ಕನಿಷ್ಠ ಒಂದು ನಿಮಿಷ ಕಾಯಬೇಕು. ಕೇಪಿನ ಕೋವಿಯಾದರೆ ಇನ್ನೂ ಹೆಚ್ಚು ಹೊತ್ತು ಕಾಯುವುದು ಕ್ಷೇಮ.

ಕೇಪಿನ ಕೋವಿಯಲ್ಲಿ ಇನ್ನೊಂದು ಅಪಾಯವಿದೆ. ಒಂದು ಈಡು ಹಾರಿಸಿದ ಕೂಡಲೇ ಎರಡನೆಯದನ್ನು ತುಂಬಲು ಮದ್ದು ಸುರಿದಾಗ, ನಳಿಗೆಯೊಳಗೆ ಉಳಿದಿದ್ದ ಕೆಂಡದಂಥ ಚೂರು ಹೊಸ ಮದ್ದಿಗೆ ತಾಗಿ ಅದು ಕೈಯಲ್ಲಿಯೇ ಹೊತ್ತಿಕೊಳ್ಳುತ್ತದೆ. ಟ್ರಿಗರನ್ನಾಗಲಿ ಕುದುರೆಯನ್ನಾಗಲಿ ಮುಟ್ಟದೆಯೇ ಹೀಗಾಗುವುದರಿಂದ, “ತಾನಾಗಿ ಹಾರಿತು” ಎಂಬ ಮಾತಿಗೆ ತೀರ ಹತ್ತಿರದ ಪ್ರಕರಣವೆಂದರೆ ಇದೇ. ಆದರೂ ಕಾರಣವು ಸ್ಪಷ್ಟವಾಗಿದೆ ಮತ್ತು ತಡೆಯಬಹುದಾದುದು. ಈಡಿಗೂ ಈಡಿಗೂ ನಡುವೆ ಬಿಡುವು ಕೊಡಬೇಕು, ನಳಿಗೆಯನ್ನು ತೇವದ ಬಟ್ಟೆಯಿಂದ ಒರೆಸಬೇಕು, ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯದೆ ಅಳತೆಯ ಪಾತ್ರೆಯಿಂದ ಮಾತ್ರ ಹಾಕಬೇಕು. ಡಬ್ಬಿಯಿಂದಲೇ ಸುರಿದರೆ ಕಿಡಿಯು ಡಬ್ಬಿಯ ಮದ್ದಿಗೆಲ್ಲ ಹರಡುತ್ತದೆ. ಹಬ್ಬಗಳಲ್ಲಿ ಒಂದರ ಹಿಂದೊಂದು ಗುಂಡು ಹಾರಿಸುವ ಉತ್ಸಾಹದಲ್ಲಿ ಈ ಮಾತು ನೆನಪಿರಲಿ.

6. “ಬಿಸಿಲಿಗೆ ಕಾದು ಹಾರಿತು”

ಬಿಸಿಲಿನಲ್ಲಿಟ್ಟ ತೋಟೆ ಸಿಡಿಯುವುದಿಲ್ಲ. ಇಂದಿನ ತೋಟೆಗಳ ಹೊಗೆರಹಿತ ಮದ್ದು ಹೊತ್ತಿಕೊಳ್ಳಲು 150 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಜೀಪಿನೊಳಗೂ ಅಷ್ಟು ಶಾಖ ಏರುವುದಿಲ್ಲ. ಆದರೆ ಬೆಂಕಿಯ ಮಾತು ಬೇರೆ. ಮನೆಗೆ ಬೆಂಕಿ ಬಿದ್ದಾಗ ಬಿಡಿಯಾಗಿರುವ ತೋಟೆಗಳು ಸಿಡಿದರೆ ಅವುಗಳ ಚೂರುಗಳು ಹಾರುತ್ತವೆಯೇ ಹೊರತು ಗುಂಡು ದೂರ ಹೋಗುವುದಿಲ್ಲ. ಗುಂಡಿಗೆ ವೇಗ ಕೊಡಲು ನಳಿಗೆ ಬೇಕು. ಅದೇ ತೋಟೆಯು ಕೋವಿಯ ಒಳಗಿದ್ದರೆ ಟ್ರಿಗರ್ ಎಳೆದಂತೆಯೇ ಪೂರ್ಣ ವೇಗದಲ್ಲಿ ಹಾರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಅಥವಾ ಗೋಡೆಯ ಗೂಟದಲ್ಲಿ ತುಂಬಿದ ಕೋವಿಯನ್ನು ತೂಗುಹಾಕಿದರೆ, ಬೆಂಕಿ ಆರಿಸಲು ಬಂದವರಿಗೂ ಅಪಾಯ. ಕೇಪಿನ ಕೋವಿಯ ಕರಿ ಮದ್ದಾದರೋ ಸಣ್ಣ ಕಿಡಿಗೂ ಹೊತ್ತಿಕೊಳ್ಳುವಂಥದು. ಅದರ ಸಮೀಪ ಬೀಡಿ, ದೀಪ, ಒಲೆ ಯಾವುದೂ ಸಲ್ಲದು.

7. “ಹಳೆಯ ಕೋವಿಯಾದ್ದರಿಂದ ಹೀಗಾಯಿತು, ಹೊಸದಾದರೆ ಆಗದು”

ಹಳೆಯ ಕೋವಿಗಳಲ್ಲಿ ಸವಕಳಿ ಹೆಚ್ಚೆಂಬುದು ನಿಜ. ಹೊಸತಾದ ಮಾತ್ರಕ್ಕೆ ದೋಷವಿರದೆಂಬುದು ನಿಜವಲ್ಲ. ಅಮೆರಿಕೆಯ ರೆಮಿಂಗ್ಟನ್ ಕಂಪನಿಯು 2014ರಲ್ಲಿ, 2006ರಿಂದ ಅಲ್ಲಿಯವರೆಗೆ ತಯಾರಾದ ತನ್ನ ಒಂದು ಬಗೆಯ ಟ್ರಿಗರ್ ಇರುವ ರೈಫಲುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಜೋಡಣೆಯ ವೇಳೆ ಬಳಸಿದ ಅಂಟು ಹೆಚ್ಚಾಗಿ ಉಳಿದಿದ್ದರೆ ಅನಪೇಕ್ಷಿತವಾಗಿ ಗುಂಡು ಹಾರಬಹುದೆಂಬುದು ಕಾರಣ. 2017ರಲ್ಲಿ ಸಿಗ್ ಸಾವರ್ ಕಂಪನಿಯ ಪಿ-320 ಪಿಸ್ತೂಲು ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದಾಗ ಹಾರಬಹುದೆಂದು ಪರೀಕ್ಷೆಗಳಲ್ಲಿ ಕಂಡುಬಂದಾಗ, ಆ ಕಂಪನಿಯು ಒಳಭಾಗಗಳನ್ನು ಉಚಿತವಾಗಿ ಬದಲಾಯಿಸಿಕೊಡುವುದಾಗಿ ಪ್ರಕಟಿಸಿತು. ಆದ್ದರಿಂದ ಯಾಂತ್ರಿಕ ದೋಷದಿಂದ ಗುಂಡು ಹಾರುವುದೇ ಇಲ್ಲ ಎಂದು ವಾದಿಸುವುದೂ ತಪ್ಪು. ಹಾಗೆ ಹಾರುವುದಕ್ಕೂ ಒಂದು ಕಾರಣವಿರುತ್ತದೆ, ಅದನ್ನು ಹುಡುಕಿ ಸರಿಪಡಿಸಬಹುದು ಎಂಬುದಷ್ಟೇ ಇಲ್ಲಿಯ ಮಾತು. ನಳಿಗೆಯು ಮನುಷ್ಯರ ಕಡೆಗೆ ಇಲ್ಲದಿದ್ದರೆ ಅಂಥ ದೋಷವಿದ್ದರೂ ಪ್ರಾಣ ಉಳಿಯುತ್ತದೆ.

ಕೋವಿಯನ್ನು ಮನೆಯಲ್ಲಿಯೇ ಅರದಿಂದ ಉಜ್ಜಿ ಟ್ರಿಗರ್ ಹಗುರ ಮಾಡಿಕೊಳ್ಳುವುದು, ಸ್ಪ್ರಿಂಗಿಗೆ ತಂತಿ ಬಿಗಿಯುವುದು ಇಂಥ ದೋಷವನ್ನು ನಾವೇ ಹುಟ್ಟಿಸಿದಂತೆ. ದುರಸ್ತಿಯು ಪರವಾನಗಿ ಪಡೆದ ಆಯುಧ ದುರಸ್ತಿಗಾರರಿಂದಲೇ ಆಗಬೇಕು.

8. “ತಂತಿ ಕಟ್ಟಿದ ಕೋವಿ ಹಂದಿಗೆ ಮಾತ್ರ”

ಹಂದಿ ಬರುವ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದನ್ನು ತುಂಬಿದ ಕೋವಿಯ ಟ್ರಿಗರಿಗೆ ಜೋಡಿಸುವ ಕೃತ್ಯವನ್ನೂ ಇಲ್ಲಿ ಹೇಳಬೇಕಾಗಿದೆ. ಇಲ್ಲಿ ಕೋವಿಯನ್ನು ಹಿಡಿದ ಕೈ ಇಲ್ಲ ನಿಜ. ಆದರೆ ತಂತಿ ಕಟ್ಟಿದ ಕೈ ಇದೆ. ತಂತಿಗೆ ಹಂದಿಯೂ ಒಂದೇ, ಸೌದೆಗೆ ಬಂದ ಹೆಂಗಸೂ ಒಂದೇ, ಶಾಲೆಗೆ ಹೋಗುವ ಹುಡುಗನೂ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಪ್ರಾಣಿಯನ್ನು ಹೀಗೆ ಕೊಲ್ಲುವುದು ಅಪರಾಧ. ಮನುಷ್ಯನಿಗೆ ಅಪಾಯವಾದರೆ ಅದು ಬೇರೆಯದೇ ಅಪರಾಧ. ಇಂಥದು ಗಮನಕ್ಕೆ ಬಂದರೆ ಸದಸ್ಯರು ತಾವೇ ಬಿಚ್ಚಲು ಹೋಗದೆ, ಜನರನ್ನು ದೂರವಿಟ್ಟು, ಪೊಲೀಸರಿಗೂ ಅರಣ್ಯ ಇಲಾಖೆಗೂ ತಿಳಿಸಬೇಕು.

ಕಾನೂನು ಏನು ಹೇಳುತ್ತದೆ?

2019ರಲ್ಲಿ ತಿದ್ದುಪಡಿಯಾದ ಆಯುಧ ಅಧಿನಿಯಮದ 25(9)ನೆಯ ಪ್ರಕರಣದಂತೆ, ಇತರರ ಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದ, ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಾಚರಣೆಗಾಗಿ ಬಂದೂಕು ಬಳಸಿದರೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಂತೆ 5 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಉಂಟು. ಅದೇ ಸಂಹಿತೆಯ 18ನೆಯ ಪ್ರಕರಣವು ನಿಜವಾದ ಆಕಸ್ಮಿಕವನ್ನು ಅಪರಾಧವೆಂದು ಪರಿಗಣಿಸುವುದಿಲ್ಲ. ಆದರೆ ಒಂದು ಷರತ್ತಿದೆ: ಮಾಡುತ್ತಿದ್ದ ಕೆಲಸವು ಕಾನೂನುಬದ್ಧವಾಗಿರಬೇಕು ಮತ್ತು ತಕ್ಕ ಎಚ್ಚರಿಕೆಯಿಂದ ಮಾಡಿರಬೇಕು. ಅಂದರೆ “ಆಕಸ್ಮಿಕ” ಎಂಬ ಪದವು ಎಚ್ಚರಿಕೆ ವಹಿಸಿದವರಿಗೆ ಸಿಗುವ ರಕ್ಷಣೆ. ಎಚ್ಚರಿಕೆಗೆ ಬದಲಾಗಿ ಬಳಸುವ ಪದವಲ್ಲ. ನಮ್ಮ ಜಿಲ್ಲೆಯ ವಿನಾಯಿತಿಯೂ ಪರವಾನಗಿಯಿಂದ ಮಾತ್ರ; ಜಾಗರೂಕತೆಯಿಂದ ಯಾರಿಗೂ ವಿನಾಯಿತಿ ಇಲ್ಲ.

ಕೋವಿಯ ಒಡೆಯರು ತೀರಿಕೊಂಡು, ಮನೆಯಲ್ಲಿ ಅದನ್ನು ಇರಿಸಿಕೊಳ್ಳಲು ಅರ್ಹತೆಯುಳ್ಳವರು ಬೇರೆ ಯಾರೂ ಇಲ್ಲದಿದ್ದರೆ, ಅದನ್ನು ವಿಳಂಬ ಮಾಡದೆ ಹತ್ತಿರದ ಠಾಣೆಗೆ ಅಥವಾ ಪರವಾನಗಿ ಪಡೆದ ಮಾರಾಟಗಾರರಿಗೆ ಒಪ್ಪಿಸಬೇಕೆಂದು ಅಧಿನಿಯಮದ 21ನೆಯ ಪ್ರಕರಣ ಹೇಳುತ್ತದೆ. ಅಟ್ಟದಲ್ಲಿ ಅನಾಥವಾಗಿ ಉಳಿದ ಕೋವಿಯು ತುಂಬಿದೆಯೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಸದಸ್ಯರು ಮಾಡಬಹುದಾದ ಕಾರ್ಯಗಳು

ಕೋವಿಯ ಪರವಾನಗಿ ಕೊಡುವ ಅಥವಾ ರದ್ದುಪಡಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಆದರೆ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳು ನಮ್ಮ ಕೈಯಲ್ಲಿವೆ. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಲು ಕೋರಲಾಗಿದೆ.

ಕೈಲ್ ಮುಹೂರ್ತ ಹಾಗೂ ಪುತ್ತರಿಗೆ ಮುಂಚಿನ ವಾರ್ಡ್ ಸಭೆಯಲ್ಲಿ ಠಾಣಾಧಿಕಾರಿಗಳನ್ನು ಆಹ್ವಾನಿಸಿ, ಅರ್ಧ ಗಂಟೆ ಈ ವಿಷಯಕ್ಕೆ ಮೀಸಲಿಡುವುದು. ಕೋವಿಯ ಒಡೆಯರ ಜೊತೆಗೆ ಮನೆಯ ಹೆಂಗಸರನ್ನೂ ತೋಟದ ಕಾರ್ಮಿಕರನ್ನೂ ಕರೆಯುವುದು. ಮೂಲೆಯಲ್ಲಿಟ್ಟ ಕೋವಿಯ ಮುಂದೆ ದಿನವಿಡೀ ಓಡಾಡುವವರು ಅವರೇ.

ಮೂರು ಮಾತುಗಳನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸುವುದು: ಕೋವಿಯನ್ನು ಯಾವಾಗಲೂ ತುಂಬಿದೆ ಎಂದೇ ತಿಳಿಯಿರಿ. ನಳಿಗೆಯನ್ನು ಮನುಷ್ಯರತ್ತ ತೋರಿಸಬೇಡಿ. ಮನೆಯ ಹೊಸ್ತಿಲು ದಾಟುವ ಮೊದಲು ಈಡು ತೆಗೆಯಿರಿ.

ಕೋವಿಯನ್ನು ಬೀಗ ಹಾಕಿದ ಕಪಾಟಿನಲ್ಲಿಯೂ, ತೋಟೆ, ಮದ್ದು, ಕೇಪುಗಳನ್ನು ಬೇರೊಂದು ಬೀಗದ ಪೆಟ್ಟಿಗೆಯಲ್ಲಿಯೂ ಇಡುವಂತೆ ಮನೆಮನೆಗೆ ತಿಳಿಸುವುದು.

ಅವಘಡ ನಡೆದಾಗ ಮೊದಲು ಗಾಯದ ಮೇಲೆ ಶುದ್ಧ ಬಟ್ಟೆಯನ್ನು ಬಲವಾಗಿ ಒತ್ತಿ ಹಿಡಿದು ರಕ್ತ ನಿಲ್ಲಿಸುವುದು. 108ಕ್ಕೂ 112ಕ್ಕೂ ಕರೆ ಮಾಡುವುದು. ಕೋವಿಯನ್ನು ಯಾರೂ ಮುಟ್ಟದಂತೆ, ಒರೆಸದಂತೆ, ಜಾಗ ಬದಲಿಸದಂತೆ ನೋಡಿಕೊಳ್ಳುವುದು. ಟ್ರಿಗರಿಗೆ ಎಷ್ಟು ಬಲ ಬೇಕು, ಬಿದ್ದರೆ ಹಾರುತ್ತದೆಯೇ ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಪರೀಕ್ಷಿಸಿ ಹೇಳಬಲ್ಲರು. ಮಧ್ಯೆ ನಾವು ಕೈಯಾಡಿಸಿದರೆ ಆ ಸತ್ಯ ಅಳಿಸಿಹೋಗುತ್ತದೆ.

ಕೊನೆಯದಾಗಿ, ಪಂಚಾಯಿತಿಯ ಯಾವ ಪತ್ರದಲ್ಲಿಯೂ, ಠರಾವಿನಲ್ಲಿಯೂ “ಕೋವಿಯು ತಾನಾಗಿ ಹಾರಿತು” ಎಂದು ಬರೆಯದಿರುವುದು. “ಕೋವಿಯಿಂದ ಗುಂಡು ಹಾರಿದೆ, ಕಾರಣವು ತನಿಖೆಯಿಂದ ತಿಳಿದುಬರಬೇಕಿದೆ” ಎಂದಷ್ಟೇ ಬರೆದರೆ ಸಾಕು. ಹೀಗೆ ಬರೆಯುವುದರಿಂದ ಯಾರ ಮೇಲೂ ಆರೋಪ ಹೊರಿಸಿದಂತಾಗುವುದಿಲ್ಲ, ಯಾರನ್ನೂ ಮುಚ್ಚಿಟ್ಟಂತೆಯೂ ಆಗುವುದಿಲ್ಲ.

ಆ ತಾಯಿಯ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ. ತಾನಾಗಿ ಹಾರಲಿಲ್ಲ ಅಮ್ಮಾ. ರಾತ್ರಿ ತುಂಬಿದ ಈಡನ್ನು ಬೆಳಿಗ್ಗೆ ಯಾರೂ ತೆಗೆಯಲಿಲ್ಲ. ಈ ಉತ್ತರವನ್ನು ಅವರಿಗೆ ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ಆದರೆ ನಾಳೆ ಇನ್ನೊಬ್ಬರ ಮನೆಯಲ್ಲಿ ಹಾಗಾಗದಂತೆ ನೋಡಿಕೊಳ್ಳಲು ಅದು ಸಾಕು. ತಮ್ಮ ವಾರ್ಡಿನಲ್ಲಿ ಕೋವಿಯಿರುವ ಮನೆಗಳಿಗೆ ಈ ವಾರದಲ್ಲಿಯೇ ಒಮ್ಮೆ ಭೇಟಿ ನೀಡಿ, “ಈಡು ತೆಗೆದಿದ್ದೀರಾ?” ಎಂದು ವಿಚಾರಿಸಬೇಕಾಗಿ ವಿನಂತಿ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ